ಉಂಟು ಅಂತ ಎಣಿಸಿ

“ಹೆಣದ ಹಾಗೆ ಬಿದ್ಕೊ ಅಂದ್ರೆ ಬಿದ್ಕೊಳ್ಬೇಕು. ಕಾಲು ಎಂತಕ್ಕೆ ಎಳೀತಿ, ಬೇವರ್ಸಿ? ಪೇಶೆಂಟ್ ಕಾಲು ಎಳೀತದಾ?”

ಉಮಾನಾಥ ಸ್ಕೇಲಿನಿಂದ ಕಬ್ಬಿಣದ ಮಂಚಕ್ಕೆ ಒಂದು ಬಾರಿಸಿದ. ಅಶ್ವಿನಿ ಕಾಲನ್ನು ಮತ್ತೆ ನೀಡಿದಳು. ಬರಿಗಾಲಿಗೆ ತಣ್ಣೀರು ಸುರಿದರೆ ಯಾರ ಕಾಲಾದರೂ ಹಿಂದೆ ಸರಿಯುತ್ತದೆ. ಆದರೆ ಅದು ತಣ್ಣೀರಲ್ಲ, ಉಗುರು ಬೆಚ್ಚಗಿನ ನೀರು ಅಂತ ಈಗಷ್ಟೇ ಪಾಠವಾಗಿತ್ತು.

“ಬಿಸಿನೀರು ಉಂಟು ಅಂತ ಎಣಿಸಿ,” ಅಂದ ಉಮಾನಾಥ, ಮಂಚದ ಸುತ್ತ ನಿಂತಿದ್ದ ಹುಡುಗಿಯರಿಗೆ. “ಕೈಯಲ್ಲಿ ಗ್ಲೌಸ್ ಉಂಟು ಅಂತ ಎಣಿಸಿ. ಆಚೆ ಈಚೆ ಪರದೆ ಉಂಟು ಅಂತ ಎಣಿಸಿ. ಹಾಂ ಚೈತಾಲಿ, ಈಗ ಅದನ್ನು ಮಗ್ಗುಲಿಗೆ ತಿರುಗಿಸು.”

ಅದು ಅಂದರೆ ಅಶ್ವಿನಿ.

ಕಾಪುವಿನ ಹೆದ್ದಾರಿ ಬದಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು ಉಮಾನಾಥನ ಕೌಶಲ ತರಬೇತಿ ಕೇಂದ್ರ. ಬಡವರ ಮಕ್ಕಳಿಗೆ ರೋಗಿಯ ಆರೈಕೆ ಕಲಿಸಿ, ಪರೀಕ್ಷೆ ಮಾಡಿಸಿ, ಸರ್ಟಿಫಿಕೇಟ್ ಕೊಡಿಸುವ ಜಾಗ. ಸರ್ಟಿಫಿಕೇಟ್ ಇದ್ದರೆ ಉಡುಪಿಯಲ್ಲೋ ಮಣಿಪಾಲದಲ್ಲೋ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ. ಇಲ್ಲದಿದ್ದರೆ ಅದೇ ಆಸ್ಪತ್ರೆಯ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ. ಕಲಿಯುವವರು ಎತ್ತಿ, ಹೊರಳಿಸಿ, ತೊಳೆದು ನೋಡಲಿ ಅಂತ ಕೇಂದ್ರಕ್ಕೆ ಆಳೆತ್ತರದ ರಬ್ಬರ್ ಗೊಂಬೆಯೊಂದು ಇರಬೇಕಿತ್ತು. ತಪಾಸಣೆಯವರು ಬಂದ ದಿನ ಗೊಂಬೆಯೂ ಬಂತು. ಫೋಟೊ ತೆಗೆಸಿಕೊಂಡಿತು. ಸಂಜೆಗೆ ಬಂದ ವ್ಯಾನಿನಲ್ಲೇ ವಾಪಸು ಹೋಯಿತು. ಗೊಂಬೆಯ ಜಾಗಕ್ಕೆ ಅಶ್ವಿನಿ ಬಂದಳು.

ಅವಳು ಮಂಚ ಏರಿದ್ದು ಒಂದೇ ಒಂದು ಮಾತಿನ ದೆಸೆಯಿಂದ. ಸೇರಿದ ಮೊದಲ ದಿನ ಉಮಾನಾಥ ಒಂದು ಖಾಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ಗ್ಲೌಸ್ ಉಂಟು ಅಂತ ಎಣಿಸಿ” ಅಂದಿದ್ದ. ಕುಷ್ಟಗಿ ಕಡೆಯ ಹುಡುಗಿಗೆ ಎಣಿಸುವುದು ಅಂದರೆ ಒಂದು, ಎರಡು, ಮೂರು. ಈ ಕರಾವಳಿಯಲ್ಲಿ ಎಣಿಸುವುದು ಅಂದರೆ ಅಂದುಕೊಳ್ಳುವುದು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಎದ್ದು ಹೋಗಿ, ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿ, “ಒಂದೂ ಇಲ್ಲರಿ ಸರ್” ಅಂದಳು. ಹುಡುಗಿಯರು ಗೊಳ್ಳೆಂದು ನಕ್ಕರು. ಉಮಾನಾಥ ನಗಲಿಲ್ಲ. ಇಲ್ಲದ್ದನ್ನು ಇಲ್ಲ ಅಂದವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

“ಭಾಷೆ ಬಾರದ್ದಕ್ಕೆ ಎಂತ ಪಾಠ ಮಾಡುದು? ನೀನು ಹೋಗಿ ಮಲಕ್ಕೊ. ಪೇಶೆಂಟ್ ಆಗು. ಪೇಶೆಂಟಿಗೆ ಭಾಷೆ ಬೇಡ.”

ಅಂದು ಮಲಗಿದವಳು ಮೂರನೇ ಬ್ಯಾಚಿಗೂ ಮಲಗಿಯೇ ಇದ್ದಳು. ಅವಳ ಜೊತೆ ಸೇರಿದವರು ಅವಳ ಮೈಮೇಲೆ ಕಲಿತು, ಪಾಸಾಗಿ, ಕೊರಳಿಗೆ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡು ಬಸ್ಸಿನಲ್ಲಿ ಸಿಗುತ್ತಿದ್ದರು. “ಏ ಪೇಶೆಂಟ್, ಹೇಗಿದ್ದಿ?” ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರೋ ಏನೋ. ಅವಳ ಹೆಸರು ಅವರಿಗೆ ಮರೆತೇಹೋಗಿತ್ತು.

ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು ಅಂತ ಪಾಠದಲ್ಲಿದೆ. ಹುಡುಗಿಯರು ಸೋಪು ಹಾಕಿ ತೊಳೆಯುತ್ತಿದ್ದರು. ಊಟದ ಹೊತ್ತಿನಲ್ಲಿ ಅವಳ ಕೈಯಿಂದ ಉಪ್ಪಿನಕಾಯಿ ಡಬ್ಬಿ ಇಸಿದುಕೊಂಡರೂ ತೊಳೆಯುತ್ತಿದ್ದರು. ಅದು ಯಾವ ಪಾಠದಲ್ಲಿದೆ ಅಂತ ಅಶ್ವಿನಿ ಕೇಳಲಿಲ್ಲ. ಅವಳ ಅವ್ವ ಸೋಮವ್ವ ಅದೇ ಕೇಂದ್ರದ ಕಕ್ಕಸು ತೊಳೆಯುತ್ತಿದ್ದಳು, ಆ ಪಾಠ ಎಲ್ಲರಿಗೂ ಮನೆಯಲ್ಲೇ ಆಗಿತ್ತು.

ಇವರಿಬ್ಬರನ್ನೂ ಇಲ್ಲಿಗೆ ಸೇರಿಸಿದ್ದು ಕಾರ್ಕಳದ ಗುಣಪಾಲ. ದೊಡ್ಡ ಮನುಷ್ಯ, ಹತ್ತು ಕಡೆ ದಾನಿಯೆಂದು ಹೆಸರು ಕೆತ್ತಿಸಿಕೊಂಡವನು. ಅವನ ನರ್ಸಿಂಗ್ ಹೋಮ್ ಕಾರ್ಕಳದಲ್ಲಿ ಏಳುತ್ತಿದ್ದಾಗ ಹಲಗೆ ಜಾರಿ ಮೇಲಿನ ಮಹಡಿಯಿಂದ ಬಿದ್ದವನು ಅಶ್ವಿನಿಯ ಅಪ್ಪ ಶರಣಬಸಪ್ಪ. ಸೊಂಟದಿಂದ ಕೆಳಗೆ ಮೈಯ ಅಲುಗಾಟ ನಿಂತಿತು, ನೋವು ಮಾತ್ರ ಉಳಿಯಿತು. ಗುಣಪಾಲ ಆಸ್ಪತ್ರೆಗೆ ಖುದ್ದಾಗಿ ಬಂದ, ಕಿತ್ತಳೆ ಹಣ್ಣು ತಂದ, ಮಂಚದ ತುದಿಯಲ್ಲಿ ಕೂತ.

“ಕೈಗೆ ದುಡ್ಡು ಕೊಟ್ರೆ ಎಷ್ಟು ದಿನ ಬರ್ತದೆ ಹೇಳಿ, ಶರಣಬಸಪ್ಪ? ನಾನು ನಿಮ್ಮ ಮಗಳಿಗೆ ಒಂದು ವಿದ್ಯೆ ಕೊಡಿಸ್ತೇನೆ. ಸರ್ಟಿಫಿಕೇಟ್ ಆದ ಕೂಡ್ಲೇ ನಮ್ಮ ನರ್ಸಿಂಗ್ ಹೋಮಿನಲ್ಲೇ ಕೆಲಸ. ನಿಮಗೂ ಅಲ್ಲೇ ಒಂದು ಬೆಡ್. ಮಗಳೇ ನೋಡಿಕೊಳ್ಳಲಿ. ಸರಿ ಅಲ್ವಾ?”

ಸೋಮವ್ವ ಅವನ ಕಾಲು ಮುಟ್ಟಿದ್ದಳು. ಪರಿಹಾರದ ಮಾತು ಅಲ್ಲಿಗೆ ಮುಗಿದಿತ್ತು. ಅಪ್ಪನ ಮುರಿದ ಬೆನ್ನಿನ ಬೆಲೆ ಒಂದು ಸರ್ಟಿಫಿಕೇಟ್. ಅದು ಬಂದರೆ ಬೆಡ್, ಬರದಿದ್ದರೆ ಉಚ್ಚಿಲದ ಐಸ್ ಪ್ಲಾಂಟಿನ ಹಿಂದಿನ ತಗಡಿನ ಶೆಡ್ಡು.

ಆ ಶೆಡ್ಡಿನಲ್ಲಿ ಬೆಳಗಾಗುವುದೇ ಅಪ್ಪನ ಕೂಗಿನಿಂದ.

“ಯವ್ವಾ... ಮಗ್ಗಲಾ ತಿರುವವ್ವಾ. ಉರೀ ತಡಿಯಾಕ ಆಗವಲ್ದು.”

ಬೆನ್ನಿನ ತಳದಲ್ಲಿ, ಮೂಳೆ ಉಬ್ಬಿದ ಕಡೆ, ಮಲಗಿ ಮಲಗಿ ಹುಣ್ಣಾಗಿತ್ತು. ಮೊದಲು ಕೆಂಪಗಿತ್ತು, ಆಮೇಲೆ ಚರ್ಮ ಹೋಯಿತು, ಈಗ ಅಶ್ವಿನಿ ಬಟ್ಟೆ ಸರಿಸಿದಾಗ ಒಳಗಿನದು ಕಾಣುತ್ತಿತ್ತು. ಅವಳು ದಿನಾ ಪ್ರಯತ್ನ ಪಡುತ್ತಿದ್ದಳು. ಕೇಂದ್ರದಲ್ಲಿ ಚೈತಾಲಿ ತನ್ನನ್ನು ಹೊರಳಿಸುವಾಗ ಒಂದು ಕೈ ಭುಜದ ಮೇಲೆ ಬರುತ್ತದೆ. ಇನ್ನೊಂದು? ಸೊಂಟಕ್ಕೋ, ತೊಡೆಯ ಕೆಳಗೋ? ಮೊಣಕಾಲು ಮೊದಲು ಮಡಚುತ್ತಾರೋ, ಆಮೇಲೋ? ಅವಳಿಗೆ ಕಾಣುತ್ತಿದ್ದದ್ದು ಗೋಡೆ ಮಾತ್ರ. ಕಲಿಸುವುದೆಲ್ಲ ಅವಳ ಬೆನ್ನ ಹಿಂದೆಯೇ ನಡೆಯುತ್ತಿತ್ತು.

ಆ ದಿನ ಅಂದಾಜಿನ ಮೇಲೆ ಎಳೆದಳು. ಅಪ್ಪನ ಭಾರದ ಮೈ ಅರ್ಧ ಹೊರಳಿ, ಅವಳ ಕೈ ಜಾರಿ, ಹುಣ್ಣಿನ ಮೇಲೆಯೇ ಬಿತ್ತು. ಅವನು ಚೀರಿದ ಚೀರಿಗೆ ಐಸ್ ಪ್ಲಾಂಟಿನ ಕೆಲಸದವರು ಹಣಕಿ ನೋಡಿದರು.

“ಏನ್ ಕಲಸ್ತಾರಲೇ ಅಲ್ಲಿ ನಿನಗ, ಆ ಹಾಟ್ಯಾರು? ಇಷ್ಟ್ ದಿನ ಹೋಗಿ ಏನ್ ಕಲತಿ?”

“ಕಲಸ್ತಾರಪ್ಪಾ. ಬರೂ ವಾರ ಪರೀಕ್ಷೆ ಐತಿ. ಆತಂದ್ರ ನಿನ್ನ ಬೆಡ್ಡಿನ್ಯಾಗ ಹಾಕ್ತೀನಿ,” ಅಂದಳು ಅಶ್ವಿನಿ. ಮಂಚದ ಸಂಗತಿಯನ್ನು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಸೋಮವ್ವ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಅವತ್ತೇ ತಾಯಿ ಮಗಳು ಉಮಾನಾಥನ ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಅಂತ ಅವನು ಹೇಳಲಿಲ್ಲ, ಇವರು ಹೋಗಲೂ ಇಲ್ಲ.

“ಸರ್ರ, ಈ ಸಲ ಆಕಿದೂ ಪರೀಕ್ಷೆ ಮಾಡಸ್ರಿ. ಆಕಿ ಅಪ್ಪ ಕೊಳ್ಯಾಕ ಹತ್ಯಾನ್ರಿ,” ಅಂದಳು ಸೋಮವ್ವ.

“ಅಲ್ಲ ಮಾರಾಯ್ತಿ, ಇವಳ ಹಾಗೆ ಮಲಗುವವರು ನನಗೆ ಎಲ್ಲಿ ಸಿಗ್ತಾರೆ? ತೂಕ ಇಲ್ಲ, ನಾಚಿಕೆ ಇಲ್ಲ. ಊರಿನ ಹುಡುಗಿಯರು ಒಪ್ತಾರಾ?” ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಆಯ್ತು, ಈ ಸಲ ಮಾಡುವ. ಎಲ್ಲರದ್ದೂ ಮುಗಿದ ಮೇಲೆ, ಕೊನೆಗೆ. ಅಷ್ಟರವರೆಗೆ ಬಾಯಿ ಮುಚ್ಚಿ ಮಲಗ್ಲಿ.”

ಸೋಮವ್ವನಿಗೆ ಧೈರ್ಯ ಬಂತು. ಒಂದು ಮಾತು ನಡೆದರೆ ಇನ್ನೊಂದೂ ನಡೆದೀತು ಅನ್ನಿಸಿತು. “ನನಗೂ ಒಂದು ಪಕ್ಕಾ ಕೆಲಸಾ ಮಾಡಿ ಕೊಡ್ರಿ ಸರ್ರ. ದಿನಾ ಬಾ ಅಂದ್ರ ಬರೂದು, ಬ್ಯಾಡ ಅಂದ್ರ ಹೋಗೂದು...”

ಈಗ ಉಮಾನಾಥ ತಲೆಯೆತ್ತಿದ. “ಸರ್ಟಿಫಿಕೇಟ್ ಉಂಟಾ ನಿನ್ನತ್ರ?”

“ಯಾತರದ್ರಿ?”

“ಕ್ಲೀನಿಂಗಿನದ್ದು. ಈಗ ಅದಕ್ಕೂ ಟ್ರೈನಿಂಗ್ ಉಂಟು, ಪರೀಕ್ಷೆ ಉಂಟು. ಸರ್ಟಿಫಿಕೇಟ್ ಇಲ್ಲದವರು ಮಾಡುದು ಕೆಲಸ ಅಲ್ಲ ಸೋಮವ್ವ, ಬರೀ ಅಭ್ಯಾಸ. ಅಭ್ಯಾಸಕ್ಕೆ ಪಕ್ಕಾ ಎಂತದ್ದು? ಹೋಗು, ಆಚೆ ಪೈಪ್ ಕಟ್ಟಿದೆ. ನೋಡು.”

ಕಕ್ಕಸಿನ ಪೈಪು ನಿಜವಾಗಿಯೂ ಕಟ್ಟಿಕೊಂಡಿತ್ತು. ಸೋಮವ್ವ ಸೀರೆ ಎತ್ತಿ ಕಟ್ಟಿ, ಬರಿಗೈ ಒಳಗೆ ಹಾಕಿದಳು. “ಇವರ ಬಾಯಾಗ ಮಣ್ಣ ಬೀಳ್ಲಿ” ಅಂತ ಅವಳು ಅಂದದ್ದು ಗೋಡೆಗೆ ಮಾತ್ರ ಕೇಳಿಸಿತು.

ಪರೀಕ್ಷೆಯೂ ಸರ್ಟಿಫಿಕೇಟ್ ಹಂಚುವ ಸಮಾರಂಭವೂ ಒಂದೇ ದಿನ. ಹೊರಗಿನ ಪರೀಕ್ಷಕರು ಬರುವುದು, ಮಧ್ಯಾಹ್ನದ ಮೇಲೆ ಗುಣಪಾಲ ಬರುವುದು, ಪಾಸಾದವರಿಗೆ ಅವನೇ ಕೆಲಸ ಘೋಷಿಸುವುದು. ಅಶ್ವಿನಿ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು. ಉಮಾನಾಥ ಹಸಿರು ಗೌನು ಕೊಟ್ಟು, “ಹಾಕ್ಕೊಂಡು ಮಲಕ್ಕೊ” ಅಂದ. ಪೈಜಾಮದ ಮೇಲೆ ಗೌನು ಹಾಕಿಕೊಂಡು ಮಲಗಿದಳು.

ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಮುಖ ಒರೆಸಿದರು, ಬಾಯಿಗೆ ಚಮಚ ಇಟ್ಟರು, ಹೊರಳಿಸಿದರು, ಸೊಂಟ ಎತ್ತಿ ಅದರಡಿಗೆ ಸ್ಟೀಲಿನ ಬೆಡ್ ಪ್ಯಾನ್ ತಳ್ಳಿದರು, ತೆಗೆದರು, ಖಾಲಿ ಪ್ಯಾನನ್ನು ತುಂಬಿದ್ದೆಂಬಂತೆ ಎರಡು ಕೈಯಲ್ಲಿ ಜೋಪಾನವಾಗಿ ಹಿಡಿದು ನಡೆದರು. ಪ್ರತಿ ಸಲವೂ ಪ್ಯಾನಿನ ಅಂಚು ಬೆನ್ನಿನ ತಳದ ಅದೇ ಮೂಳೆಗೆ ಒತ್ತುತ್ತಿತ್ತು. ಅಪ್ಪನಿಗೆ ಹುಣ್ಣಾದ ಜಾಗ. ಒಬ್ಬಳಾದ ಮೇಲೆ ಒಬ್ಬಳು ಬರುತ್ತಲೇ ಇದ್ದರು. ಅಶ್ವಿನಿ ಹಲ್ಲು ಕಚ್ಚಿಕೊಂಡು, ನಂದೂ ಐತಿ, ಕೊನಿಗೆ ನಂದೂ ಐತಿ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಕೊನೆಯವಳದ್ದು ಮುಗಿಯಿತು. ಅಶ್ವಿನಿ ಎದ್ದು ಕೂತಳು. “ನಂದೈತ್ರಿ ಸರ್.”

ಪರೀಕ್ಷಕರು ಉಮಾನಾಥನ ಮುಖ ನೋಡಿದರು. “ಇವರೂ ಕಲಿಯುವವರಾ?”

“ಅದು ಪೇಶೆಂಟ್ ಸರ್,” ಅಂದ ಉಮಾನಾಥ ನಗುತ್ತಾ.

“ಇಲ್ಲರೀ. ನಾನೂ ಕಲಿಯಾಕ ಬಂದಾಕೀ. ಈ ಸಲ ಮಾಡಸ್ತೀನಿ ಅಂದಾರ್ರಿ.”

ಪರೀಕ್ಷಕರು ಕೆಟ್ಟವರಲ್ಲ. “ಸರಿ, ಮಾಡಲಿ. ಯಾರಾದರೂ ಒಬ್ಬರು ಮಲಗಿ,” ಅಂದರು.

ಅಶ್ವಿನಿ ಮಂಚದಿಂದ ಇಳಿದು, ಹಾಸಿಗೆಯ ಮೇಲಿನ ಬಟ್ಟೆಯನ್ನು ಕೈಯಿಂದ ನಯ ಮಾಡಿ, ಪಕ್ಕಕ್ಕೆ ನಿಂತಳು. ಯಾರೂ ಬರಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಚೈತಾಲಿಯ ಕಡೆ ತಿರುಗಿದಳು. ಚೈತಾಲಿಯೇ ಒಮ್ಮೊಮ್ಮೆ ಅವಳ ಪಕ್ಕ ಕೂತು ಊಟ ಮಾಡಿದ್ದವಳು.

“ಒಂದ್ಸಲ ಮಲಕ್ಕೊಳವಾ ಚೈತಾಲಿ. ಒಂದೇ ಸಲ.”

ಚೈತಾಲಿಯ ಕಣ್ಣು ಕೆಂಪಾಯಿತು. “ಬೇರೆ ಎಂತ ಬೇಕಾದ್ರೂ ಹೇಳು ಅಶ್ವಿನಿ. ಆ ಹಾಸಿಗೆಯಲ್ಲಿ... ಗೊತ್ತಾದ್ರೆ ಮನೆಗೆ ಸೇರಿಸ್ಲಿಕ್ಕಿಲ್ಲ.”

“ಪೇಶೆಂಟ್ ಇಲ್ಲದೆ ಪರೀಕ್ಷೆ ಹೇಗೆ ಮಾಡುವುದು?” ಅಂದರು ಪರೀಕ್ಷಕರು, ಗಡಿಯಾರ ನೋಡಿಕೊಳ್ಳುತ್ತಾ.

ಅಶ್ವಿನಿ ಉಮಾನಾಥನ ಬಾಯಿಯನ್ನೇ ನೋಡಿದಳು. ಗ್ಲೌಸ್ ಉಂಟು ಅಂತ, ಪರದೆ ಉಂಟು ಅಂತ, ಬಿಸಿನೀರು ಉಂಟು ಅಂತ ಎಣಿಸಿದ ಬಾಯಿ. ಮಂಚದ ಮೇಲೆ ಒಬ್ಬ ಪೇಶೆಂಟ್ ಉಂಟು ಅಂತ ಈಗ ಒಂದು ಸಲ ಎಣಿಸಬಾರದೇ?

“ಊಟ ಆರ್ತದೆ ಸರ್, ಬನ್ನಿ,” ಅಂದ ಉಮಾನಾಥ. “ಕೋಳಿ ರೊಟ್ಟಿ ಮಾಡ್ಸಿದ್ದೇನೆ. ಇವಳದ್ದು ಮುಂದಿನ ಬ್ಯಾಚಿನಲ್ಲಿ ನೋಡುವ.”

ಅವರು ಮೆಟ್ಟಿಲಿಳಿದು ಹೋದರು. ಅಶ್ವಿನಿ ಮಂಚದ ಕಾಲು ಹಿಡಿದು ಹಾಗೇ ನೆಲಕ್ಕೆ ಕುಸಿದಳು. ಅಳು ಬರಲಿಲ್ಲ. ಅಪ್ಪನಿಗೆ ಏನು ಹೇಳುವುದು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮುಂದಿನ ಬ್ಯಾಚು ಅಂದರೆ ಮಳೆಗಾಲ ಮುಗಿದ ಮೇಲೆ. ಆ ಹುಣ್ಣು ಅಲ್ಲಿಯವರೆಗೆ ಕಾಯುತ್ತದೆಯೇ? ಅಪ್ಪ ಕಾಯುತ್ತಾನೆಯೇ?

ಊಟ ಮುಗಿಸಿ ಬಂದ ಉಮಾನಾಥ ಮಂಚವನ್ನು ಅದೇ ಮಹಡಿಯ ಸಭಾಂಗಣದ ವೇದಿಕೆಗೆ ಹೊರಿಸಿದ. ಅತಿಥಿಗಳಿಗೆ ಪ್ರಾತ್ಯಕ್ಷಿಕೆ ತೋರಿಸಬೇಕಿತ್ತು.

“ಸರ್, ಹೊರಗ ಹೋಗಿ ಬರ್ತೀನ್ರಿ. ಮುಂಜಾನಿಂದ ಹೋಗಿಲ್ಲ,” ಅಂದಳು ಅಶ್ವಿನಿ.

“ಈಗ ಕಕ್ಕಸಿಗೆ ಬೀಗ ಹಾಕಿ ಆಯ್ತು. ತೊಳೆದಿಟ್ಟದ್ದು ಅತಿಥಿಗಳಿಗೆ. ಗೌನ್ ಹಾಕ್ಕೊಂಡು ಅಲ್ಲಿ ಇಲ್ಲಿ ತಿರುಗ್ಬೇಡ. ಹಿಡ್ಕೊ.”

ತೊಳೆದದ್ದು ಅವಳ ಅವ್ವ. ಬೀಗದ ಕೈ ಇದ್ದದ್ದು ಇವನ ಜೇಬಿನಲ್ಲಿ. ಅಶ್ವಿನಿ ಮಲಗಿದಳು. ಎದೆಯವರೆಗೆ ಬಿಳಿ ಬಟ್ಟೆ ಹೊದಿಸಿದರು.

ಪ್ರಾರ್ಥನೆ ಆಯಿತು, ದೀಪ ಆಯಿತು. ಒಬ್ಬೊಬ್ಬ ಹುಡುಗಿಯ ಹೆಸರು ಕೂಗಿದಾಗಲೂ ಚಪ್ಪಾಳೆ. ತಂದೆತಾಯಿಗಳು ಎದ್ದು ನಿಂತು ಫೋಟೊ ತೆಗೆದರು. ಎಲ್ಲರಿಗೂ ನರ್ಸಿಂಗ್ ಹೋಮಿನಲ್ಲಿ ಕೆಲಸ ಅಂತ ಗುಣಪಾಲ ಸಾರಿದ. ಆಮೇಲೆ ಮಂಚದ ಹತ್ತಿರ ಬಂದು ಅವಳ ಹಣೆಯ ಮೇಲೆ ಕೈಯಿಟ್ಟ. ಕೈಯಿಂದ ಗಂಧದ ಪರಿಮಳ ಬರುತ್ತಿತ್ತು.

“ಈ ಮಗುವಿನ ತಂದೆ ನಮ್ಮ ಸೈಟಿನಲ್ಲಿ ಬಿದ್ದವರು. ನಾನು ಕೈ ಬಿಡಲಿಲ್ಲ. ಮೀನು ಕೊಡಬೇಡಿ, ಬಲೆ ಕೊಡಿ ಅಂತ ನನ್ನ ತತ್ವ,” ಅಂದ ಮೈಕಿನಲ್ಲಿ. ಮೈಕು ತಗ್ಗಿಸಿ ಉಮಾನಾಥನನ್ನು ಕೇಳಿದ: “ಇವಳದ್ದು ಆಯ್ತಾ?”

“ಮುಂದಿನ ಬ್ಯಾಚ್ ಸರ್.”

“ಹಾಂ, ನಿಧಾನಕ್ಕೆ ಆಗ್ಲಿ. ಬೆಡ್ ಎಲ್ಲಿಗೂ ಓಡಿ ಹೋಗುದಿಲ್ಲ.”

ಬೆಡ್ ಓಡಿ ಹೋಗುವುದಿಲ್ಲ. ಅಪ್ಪನೂ ಓಡಿ ಹೋಗುವುದಿಲ್ಲ. ಅಶ್ವಿನಿಯ ಕಿಬ್ಬೊಟ್ಟೆ ಕಲ್ಲಾಗಿತ್ತು. ಅದರ ಮೇಲೆ, ಎದೆಯೊಳಗೆ, ಇನ್ನೇನೋ ಒಂದು ಗಟ್ಟಿಯಾಯಿತು. ಸಿಟ್ಟು ಅಂದರೆ ಇಷ್ಟು ತಣ್ಣಗಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಹೊದಿಕೆಯ ಕೆಳಗೆ ಅವಳ ಕೈ ಪೈಜಾಮದ ಲಾಡಿ ಹುಡುಕಿತು.

“ಈಗ ರೋಗಿಗೆ ಬೆಡ್ ಪ್ಯಾನ್ ಕೊಡುವ ವಿಧಾನ,” ಅಂದ ಉಮಾನಾಥ. ಎಲ್ಲರಿಗೂ ಕೇಳಲಿ ಅಂತ ಮೈಕನ್ನು ಮಂಚದ ಬದಿಗೆ ಎಳೆದುಕೊಂಡ. “ಚೈತಾಲಿ, ಬಾ.”

ಚೈತಾಲಿ ಹೊದಿಕೆಯೊಳಗೆ ಕೈ ಹಾಕಿ ಸೊಂಟ ಎತ್ತಿದಳು. ಅಶ್ವಿನಿ ಅದೇ ಹೊತ್ತಿಗೆ ಪೈಜಾಮ ಕೆಳಗೆ ಜಾರಿಸಿದಳು. ಚೈತಾಲಿಯ ಬೆರಳಿಗೆ ಬರಿಮೈ ತಾಗಿತು. ಬೆಚ್ಚಿ ಅಶ್ವಿನಿಯ ಮುಖ ನೋಡಿದಳು. ಪ್ಯಾನನ್ನು ಸರಿಯಾದ ಜಾಗಕ್ಕೆ ತಳ್ಳಿ, ಹೊದಿಕೆ ಎಳೆದು ಹಿಂದೆ ಸರಿದಳು.

“ಈಗ ರೋಗಿ ಮೂತ್ರ ಮಾಡಿ ಆಗಿದೆ. ಪ್ಯಾನಿನಲ್ಲಿ ಮೂತ್ರ ಉಂಟು ಅಂತ ಎಣಿಸಿ...”

ಸದ್ದು ಮೊದಲು ಸಣ್ಣಗೆ ಬಂತು. ಸ್ಟೀಲಿಗೆ ನೀರು ತಾಗುವ ಸದ್ದು. ಆಮೇಲೆ ಧಾರೆ ಜೋರಾಯಿತು. ಮೈಕು ಅದನ್ನು ಎತ್ತಿಕೊಂಡು ಎರಡೂ ಕಡೆಯ ಸ್ಪೀಕರಿನಿಂದ ಸಭೆಯ ಮೇಲೆ ಸುರಿಯಿತು. ಮುಂದಿನ ಸಾಲಿನಲ್ಲಿ ಬಾದಾಮಿ ಹಾಲು ಕುಡಿಯುತ್ತಿದ್ದವರ ಲೋಟ ತುಟಿಯ ಹತ್ತಿರವೇ ನಿಂತಿತು. ಮುಂಜಾನೆಯಿಂದ ಹಿಡಿದದ್ದು, ಬೇಗ ಮುಗಿಯಲಿಲ್ಲ.

ಮುಗಿದ ಮೇಲೆ ಅಶ್ವಿನಿ ಅಂದಳು, ಮೈಕಿಗೆ ಕೇಳುವಷ್ಟೇ: “ಉಂಟು ಸರ್. ಈಗ ಎಣಿಸ್ರಿ.”

ಗುಣಪಾಲ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹೋದ. ಉಮಾನಾಥನ ಮುಖ ಕಪ್ಪಿಟ್ಟಿತು. “ಏಳು ರಂಡೆ, ಏಳು!” ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದ. ಅದೂ ಸ್ಪೀಕರಿನಲ್ಲಿ ಬಂತು.

“ಪೇಶೆಂಟ್ ಏಳೂದಿಲ್ಲರಿ ಸರ್. ನೀವ ಹೇಳೀರಿ. ಎತ್ತೂ ವಿಧಾನ ತೋರಸ್ರಿ. ನಾ ಇನ್ನೂ ನೋಡಿಲ್ಲ.”

ಉಮಾನಾಥ ಹುಡುಗಿಯರ ಕಡೆ ನೋಡಿದ. ಹೊಸ ಸರ್ಟಿಫಿಕೇಟ್ ಎದೆಗೆ ಅವುಚಿಕೊಂಡು ಅವರು ನೆಲ ನೋಡಿದರು. ಅವನು ವೇದಿಕೆಯ ಹಿಂದಿನ ಪರದೆಯ ಕಡೆ ತಿರುಗಿ ಕೂಗಿದ: “ಸೋಮವ್ವಾ! ಬಾ ಇಲ್ಲಿ. ಎತ್ತು ಇದನ್ನು.”

ಸೋಮವ್ವ ಬಕೆಟ್ಟು ಹಿಡಿದು ವೇದಿಕೆಗೆ ಬಂದಳು. ಸಭೆ ಉಸಿರು ಬಿಟ್ಟಿತು. ಅವಳು ಬಕೆಟ್ಟನ್ನು ಕೆಳಗಿಟ್ಟಳು. ಮಗಳ ಕಾಲ ಮೇಲಿಂದ ಸರಿದಿದ್ದ ಹೊದಿಕೆಯನ್ನು ಪಾದದವರೆಗೆ ಎಳೆದು ಮುಚ್ಚಿದಳು. ನಾಳೆಯಿಂದ ಏನು ಅನ್ನುವುದು ಅವಳ ಮುಖದ ಮೇಲೆಯೇ ಇತ್ತು.

“ನನಗ ಸರ್ಟಿಫಿಕೇಟ್ ಇಲ್ಲರಿ ಸರ್ರ,” ಅಂದಳು. “ಇಲ್ಲೇ ಇಷ್ಟು ಮಂದಿ ಕೈಯಾಗ ಐತಲ್ಲ. ಅವರು ಎತ್ತಲಿ.”

ಹೇಳಿ, ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

“ನಾಳೆಯಿಂದ ನೀವಿಬ್ಬರೂ ಈ ಕಡೆ ತಲೆ ಹಾಕಿದ್ರೆ ನೋಡಿ!” ಉಮಾನಾಥನ ಕೂಗು ಸ್ಪೀಕರಿನಲ್ಲಿ ಒಡೆದು ಕೀರಿತು. ಯಾರೋ ಮೈಕು ಆರಿಸಿದರು. ಕುರ್ಚಿಗಳು ಸರಿದವು. ಗುಣಪಾಲನ ಕಾರು ಕೆಳಗೆ ಹೊರಟ ಸದ್ದಾಯಿತು. ಪ್ಯಾನಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

ಅಶ್ವಿನಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಾ ಮಲಗಿದ್ದಳು. ಪ್ಯಾನಿನ ಅಂಚು ಬೆನ್ನಿನ ಆ ಮೂಳೆಗೆ ಕೊರೆಯುತ್ತಿತ್ತು. ಉಚ್ಚಿಲದ ಶೆಡ್ಡಿನಲ್ಲಿ ಅಪ್ಪ ಈಗ ಮಗ್ಗುಲು ತಿರುಗಿಸಲು ಕೂಗುತ್ತಿರಬೇಕು. ಅವನ ಹತ್ತಿರ ಯಾರೂ ಇರಲಿಲ್ಲ. ಅವಳು ಏಳಲಿಲ್ಲ. ತುಂಬಿದ ಪ್ಯಾನು ಅವಳ ಕೆಳಗೆ ನಿಧಾನವಾಗಿ ಆರುತ್ತಿತ್ತು.